‘ಆಯ್ತು ಸರ್’: ಹನ್ನೆರಡರ ಬದಲು ಹದಿನೈದು ತಿಂಗಳ ಟ್ರೈನಿಂಗು

ಕನ್‌ಫರ್ಮೇಶನ್ ಲೆಟರ್ ಕೈಗೆ ಬಂದು ಮೂರು ವಾರವಾಯಿತು. ಹನ್ನೆರಡು ತಿಂಗಳಿಗೆ ಮುಗಿಯಬೇಕಿದ್ದ ಟ್ರೈನಿಂಗು ಹದಿನೈದು ತಿಂಗಳು ಎಳೆಯಿತು, ಲೆಟರ್ ಕೈ ಸೇರೋಕೆ ಮೇಲೊಂದು ತಿಂಗಳು ಹಿಡಿಯಿತು. ನಡುವೆ ಒಂದು ಮೆಮೋ, ಹೊಸೂರಿನಲ್ಲಿ ಎರಡು ದಿನದ ಸಾರ್ಟಿಂಗ್, ಸಾಲ ಮಾಡಿ ಕಟ್ಟಿದ ಆಸ್ಪತ್ರೆ ಬಿಲ್ಲು, ಹಾಸನಕ್ಕೆ ಎರಡು ಸಲ ಓಡಾಟ. ಇಷ್ಟಕ್ಕೂ ಮೂಲ ಹುಡುಕಿದರೆ ಸಿಗೋದು ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಮ್ಯಾನೇಜರ್ ಹತ್ತಿರ ನಾನು ಆಡಿದ ಒಂದೇ ಒಂದು ವಾಕ್ಯ. ನಾನು ಸುಮ್ಮನಿದ್ದು ಕೆಟ್ಟವಳಲ್ಲ. ಹೇಳಿಯೇ ಕೆಟ್ಟವಳು. ಅದಕ್ಕೇ ಬರೀತಿದ್ದೀನಿ, ಯಾಕಂದರೆ ‘ಮ್ಯಾನೇಜರ್‌ಗೆ ಹೇಳಿಬಿಡಿ, ಭಯ ಪಡಬೇಡಿ’ ಅನ್ನುವ ಬುದ್ಧಿಮಾತು ನನಗೂ ಬೇಕಾದಷ್ಟು ಸಿಕ್ಕಿತ್ತು.

ನಮ್ಮೂರು ಅರಸೀಕೆರೆ ಹತ್ತಿರ. ಹಾಸನದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, 2024ರ ಆಗಸ್ಟ್ 5ರಂದು ಬೆಂಗಳೂರಿನ ಪೀಣ್ಯ 2ನೇ ಹಂತದ ಒಂದು ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗಕ್ಕೆ ಗ್ರ್ಯಾಜುಯೇಟ್ ಇಂಜಿನಿಯರ್ ಟ್ರೈನಿಯಾಗಿ ಸೇರಿದೆ. ಸಂಬಳ 22,000. ದಾಸರಹಳ್ಳಿಯ ಪಿಜಿಗೆ ಊಟ ಸೇರಿ 7,500. ಕನ್‌ಫರ್ಮ್ ಆದ ಮೇಲೆ 29,500 ಅಂತ ಆಫರ್ ಲೆಟರ್‌ನಲ್ಲೇ ಇತ್ತು. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿದ್ದೆನೋ ಲೆಕ್ಕವಿಲ್ಲ. ಅದರ ಕೆಳಗಿನ ಸಾಲನ್ನು ಮಾತ್ರ ಸರಿಯಾಗಿ ಓದಿರಲಿಲ್ಲ.

ಹೊಸದಾಗಿ ಸೇರುವವರು ಆ ಕೆಳಗಿನ ಸಾಲನ್ನೇ ಮೊದಲು ಓದಿ. ‘ಟ್ರೈನಿಂಗ್ ಅವಧಿ 12 ತಿಂಗಳು, ಲಿಖಿತವಾಗಿ ಕನ್‌ಫರ್ಮ್ ಮಾಡುವವರೆಗೆ ಟ್ರೈನಿ ಎಂದೇ ಪರಿಗಣಿಸಲಾಗುವುದು, ಅವಧಿಯನ್ನು ವಿಸ್ತರಿಸಬಹುದು’ ಅಂತ ನನ್ನದರಲ್ಲಿ ಇತ್ತು. ಹೀಗೆ ಬರೆದಿದ್ದರೆ ವರ್ಷ ತುಂಬಿದ ಮಾತ್ರಕ್ಕೆ ತಾನಾಗಿ ಪರ್ಮನೆಂಟ್ ಆಗೋದಿಲ್ಲ, ಲೆಟರ್ ಬರಲೇಬೇಕು. ಇನ್ನೊಂದು, ಟ್ರೈನಿ ಬೇರೆ, ಅಪ್ರೆಂಟಿಸ್ ಬೇರೆ. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಸಿಗೋದು ಸ್ಟೈಪೆಂಡ್, ಪಿಎಫ್ ಇರೋದಿಲ್ಲ. ನನಗೆ ಮೊದಲ ತಿಂಗಳಿಂದಲೇ ಪಿಎಫ್ ಕಡಿತವಾಗುತ್ತಿತ್ತು. ನಿಮ್ಮದು ಯಾವುದು ಅಂತ ಸೇರುವ ದಿನವೇ ಕೇಳಿಕೊಳ್ಳಿ. ನಮ್ಮ ಬ್ಯಾಚಿನ ಒಬ್ಬ ಹುಡುಗನಿಗೆ ತಾನು ಅಪ್ರೆಂಟಿಸ್ ಅಂತ ಗೊತ್ತಾಗಿದ್ದು ಎಂಟು ತಿಂಗಳಾದ ಮೇಲೆ.

ಮೊದಲ ಒಂಬತ್ತು ತಿಂಗಳು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಮ್ಮ ಕ್ವಾಲಿಟಿ ಮ್ಯಾನೇಜರ್ ಧಾರವಾಡ ಕಡೆಯವರು. ಗಟ್ಟಿ ದನಿ, ಕಿವಿಯಲ್ಲಿ ಸದಾ ಫೋನು. ಅವರ ಜೊತೆ ನನ್ನ ಮಾತೆಲ್ಲ ಮೂರು ಪದದಲ್ಲಿ ಮುಗಿಯುತ್ತಿತ್ತು: ‘ಹೂಂ ಸರ್’, ‘ಮಾಡ್ತೀನಿ ಸರ್’, ‘ಆಯ್ತು ಸರ್’. ದೊಡ್ಡವರ ಹತ್ತಿರ ಕಡಿಮೆ ಮಾತಾಡುವುದೇ ಮರ್ಯಾದೆ ಅಂತ ಬೆಳೆದವಳು ನಾನು. ಕೆಲಸ ಚೆನ್ನಾಗಿ ಮಾಡಿದರೆ ಅದು ತಾನಾಗಿ ಕಾಣುತ್ತೆ ಅಂತಲೂ ನಂಬಿದ್ದೆ.

2025ರ ಮೇ 13, ಮಂಗಳವಾರ. ನನ್ನದು ಬೆಳಿಗ್ಗೆ ಆರರಿಂದ ಎರಡರ ಶಿಫ್ಟು. ಒಂದು ಪಂಪ್ ಹೌಸಿಂಗ್ (ಪಂಪಿನ ಹೊರಕವಚ) ತಯಾರಾಗುತ್ತಿತ್ತು. ಅದರಲ್ಲಿ 32 ಮಿಲಿಮೀಟರಿನ ಒಂದು ಬೋರ್, ಅಂದರೆ ದುಂಡನೆಯ ತೂತು, ಅದರೊಳಗೆ ಬೇರಿಂಗ್ ಕೂರಬೇಕು. ಡ್ರಾಯಿಂಗ್‌ನಲ್ಲಿ ಎಚ್7, ಅಂದರೆ 32.000ದಿಂದ 32.025ರ ಒಳಗಿರಬೇಕು. 25 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್) ಜಾಗ, ತಲೆಗೂದಲಿಗಿಂತ ತೆಳು. ಬೆಳಿಗ್ಗೆ 32.016 ಬರುತ್ತಿದ್ದ ಬೋರ್ ಹತ್ತು ಗಂಟೆಗೆ 32.012ಕ್ಕೆ ಇಳಿಯಿತು, ಹನ್ನೆರಡಕ್ಕೆ 32.007, ಹನ್ನೆರಡೂ ಮುಕ್ಕಾಲಿಗೆ 32.004. ಇನ್ಸರ್ಟ್ (ಲೋಹ ಕೊರೆಯುವ ಟೂಲಿನ ತುದಿ) ಸವೆದರೆ ಬೋರ್ ಹೀಗೆ ಸಣ್ಣದಾಗುತ್ತಾ ಬರುತ್ತೆ. ಲೆಕ್ಕ ಕಷ್ಟದ್ದೇನಲ್ಲ, ಇನ್ನು ಒಂದು ಗಂಟೆ ಓಡಿದರೆ ಮಿತಿಯ ಕೆಳಗೆ ಹೋಗುತ್ತೆ. ನನಗೆ ಅದು ಗೊತ್ತಿತ್ತು.

ಒಂದೂ ಹತ್ತಕ್ಕೆ ಕ್ಯಾಂಟೀನ್ ದಾರಿಯಲ್ಲಿ ಮ್ಯಾನೇಜರ್ ಸಿಕ್ಕರು. ಕಿವಿಯಲ್ಲಿ ಫೋನು. ಜೊತೆಗೆ ಹೆಜ್ಜೆ ಹಾಕುತ್ತಾ ಹೇಳಿದೆ:

“ಸರ್, ಫೋರ್ ನಂಬರ್ ಮಷಿನ್‌ದು ಬೋರ್ ಸ್ವಲ್ಪ ಕೆಳಗೆ ಬರ್ತಿದೆ.”

ಅವರು ಫೋನಿನ ಮೇಲೆ ಕೈ ಮುಚ್ಚಿ, “ಲಿಮಿಟ್‌ನ್ಯಾಗ ಐತಿ?” ಅಂದರು.

“ಇದೆ ಸರ್.”

“ಆತ್ ಬಿಡ್ರಿ, ನೋಡೂಣು.”

ಮುಗಿಯಿತು. ನಾನು ನಿರಾಳವಾಗಿ ಹೋಗಿ ಅನ್ನ-ಸಾರು ತಿಂದೆ. ಹ್ಯಾಂಡ್‌ಓವರ್ ರಿಜಿಸ್ಟರ್‌ನಲ್ಲಿ ‘ಮಷಿನ್ 4, ಬೋರ್ ಗಮನಿಸುವುದು’ ಅಂತ ಬರೆದು ಎರಡು ಗಂಟೆಗೆ ಹೊರಟೆ.

ಈ ನಾಲ್ಕು ಸಾಲಿನ ಮಾತುಕತೆಯನ್ನು ಆಮೇಲೆ ನಾನು ಎಷ್ಟು ಸಲ ಬಿಚ್ಚಿ ನೋಡಿದ್ದೀನಿ! ‘ಆತ್ ಬಿಡ್ರಿ’ ಅಂದರೆ ಅವರ ಕಡೆ ‘ಸರಿ, ಕೇಳಿಸಿಕೊಂಡೆ’ ಅಂತ ಅಷ್ಟೇ. ನಮ್ಮ ಕಡೆಯ ಕಿವಿಗೆ ಅದು ‘ಅದನ್ನ ಬಿಡು’ ಅಂತ ಕೇಳಿಸುತ್ತೆ. ‘ನೋಡೂಣು’ ಅಂದಾಗ ನಾನು ಅಂದುಕೊಂಡಿದ್ದು ‘ಇವರು ನೋಡ್ತಾರೆ’; ಅವರು ಅಂದುಕೊಂಡಿದ್ದು ‘ಈ ಹುಡುಗಿ ನೋಡ್ಕೋತಾಳೆ’. ಇನ್ನು ನನ್ನ ‘ಸ್ವಲ್ಪ’. ಗೌರವಕ್ಕೆ, ಸಂಕೋಚಕ್ಕೆ, ಗಾಬರಿ ಬೀಳಿಸಬಾರದು ಅನ್ನುವುದಕ್ಕೆ ನಾವು ಎಲ್ಲದರ ಹಿಂದೆ ಒಂದು ‘ಸ್ವಲ್ಪ’ ಸೇರಿಸುತ್ತೇವೆ. ಸ್ವಲ್ಪ ಜರುಗಿ, ಸ್ವಲ್ಪ ಹೇಳಿ, ಸ್ವಲ್ಪ ಪ್ರಾಬ್ಲಂ ಆಗಿದೆ. ಇಡೀ ಆಸ್ತಿ ಹೋದರೂ ಸ್ವಲ್ಪ ಕಷ್ಟ ಅಂತಲೇ ಅನ್ನೋ ಜನ ನಾವು. ಆವತ್ತಿನ ‘ಸ್ವಲ್ಪ’ದ ಒಳಗೆ ಹನ್ನೆರಡು ಮೈಕ್ರಾನ್ ಕೂತಿತ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಎರಡನೇ ಶಿಫ್ಟಿನಲ್ಲಿ ಆಪರೇಟರ್ ಪ್ಲಗ್ ಗೇಜ್ (ಬೋರಿನೊಳಗೆ ತೂರಿಸಿ ನೋಡುವ ಅಳತೆ ಕಡ್ಡಿ) ಹಾಕಿ ನೋಡುತ್ತಾ ಓಡಿಸಿದ್ದರು. ಗೇಜ್ ಒಳಗೆ ಹೋಗುತ್ತಿತ್ತು. ಯಾಕೆ ಹೋಯಿತು ಅಂದರೆ ಆ ಗೇಜಿನ ಗೋ ಬದಿಯೇ (ಬೋರ್ ಮಿತಿಗಿಂತ ಸಣ್ಣದಿದ್ದರೆ ಒಳಗೆ ಹೋಗಬಾರದ ಬದಿ) ಸವೆದು ಸಣ್ಣದಾಗಿತ್ತು. ಸಣ್ಣ ಬೋರಿಗೆ ಸಣ್ಣ ಗೇಜು, ಇಬ್ಬರೂ ಸರಿಹೋದರು. ಇದು ನನ್ನ ತಪ್ಪಲ್ಲ, ನಿಜ. ಆದರೆ ನಾನು ಅಂಕಿ ಬರೆದಿದ್ದರೆ ಯಾರಾದರೂ ಅಂಕಿ ತೋರಿಸುವ ಬೋರ್ ಗೇಜ್ ಇಟ್ಟು ಅಳೆಯುತ್ತಿದ್ದರು. ಆ ರಾತ್ರಿಯೇ 480 ಪೀಸಿನ ಲಾಟ್ ಹೊಸೂರಿನ ಗ್ರಾಹಕರಿಗೆ ಹೋಯಿತು. ಗುರುವಾರ ಬೆಳಿಗ್ಗೆ ಅಲ್ಲಿಂದ ಫೋನು: ಬೇರಿಂಗ್ ಕೂರ್ತಿಲ್ಲ, ಲೈನ್ ನಿಂತಿದೆ.

ಶುಕ್ರವಾರ, ಶನಿವಾರ ನಾನು ಮತ್ತು ನಮ್ಮ ಲೈನಿನ ಹಿರಿಯ ಆಪರೇಟರ್ (ನಾನು ಅಣ್ಣ ಅಂತಲೇ ಕರೆಯೋದು) ಹೊಸೂರಿನಲ್ಲಿ ಬೇರೆಯವರ ಫ್ಯಾಕ್ಟರಿಯ ಒಂದು ಮೂಲೆಯಲ್ಲಿ ಕೂತು 480 ಪೀಸನ್ನೂ ಒಂದೊಂದಾಗಿ ಅಳೆದೆವು. 61 ಸಣ್ಣವು. ಸಣ್ಣ ಬೋರನ್ನು ವಾಪಸ್ ತಂದು ದೊಡ್ಡದು ಮಾಡಬಹುದು, ಹಾಗಾಗಿ ಸ್ಕ್ರ್ಯಾಪ್ ಆಗಲಿಲ್ಲ, ಅದೊಂದೇ ಪುಣ್ಯ. ಅಲ್ಲಿನವರು ನಮಗೆ ಕುರ್ಚಿಯನ್ನೂ ಕೊಡಲಿಲ್ಲ, ಖಾಲಿ ಕ್ರೇಟ್ ಮೇಲೆ ಕೂತಿದ್ದೆವು. ಅಣ್ಣ ಎರಡು ದಿನದಲ್ಲಿ ನನಗೆ ಒಂದೇ ಒಂದು ಮಾತು ಅಂದರು: “ಮೇಡಂ, ನನಗಾದ್ರೂ ಬಂದು ಹೇಳಬಾರದಿತ್ತಾ, ಮಷಿನ್ ಹತ್ತಿರ ನಾನೇ ಅಲ್ವಾ ನಿಂತಿದ್ದು?” ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಮೇಲಕ್ಕೆ ಹೇಳುವುದರಲ್ಲೇ ಇದ್ದೆ, ಪಕ್ಕಕ್ಕೆ ಹೇಳಬೇಕು ಅಂತ ಹೊಳೆದೇ ಇರಲಿಲ್ಲ.

ಸೋಮವಾರ ಮೆಮೋ. 48 ಗಂಟೆಯೊಳಗೆ ಲಿಖಿತ ವಿವರಣೆ ಕೊಡಬೇಕು. ಎಚ್‌ಆರ್‌ನವರು ಕಾಗದ ಕೈಗಿಟ್ಟು ಇನ್ನೊಂದು ಪ್ರತಿಗೆ ಸಹಿ ಹಾಕಿಸಿಕೊಂಡರು. ನನಗೆ ಕೈ ನಡುಗಿ ಸಹಿ ನನ್ನದೇ ಅನ್ನಿಸದ ಹಾಗೆ ಬಂತು. (ಸ್ವೀಕರಿಸಿದ್ದೇನೆ ಅಂತ ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಹೆದರಿ ತಗೊಳ್ಳದೇ ಇರಬೇಡಿ. ತಾರೀಕು, ಸಮಯ ಬರೆದು ಸಹಿ ಹಾಕಿ.)

ಆ ರಾತ್ರಿ ಪಿಜಿಯಲ್ಲಿ ಕೂತು ನಾಲ್ಕು ಪುಟ ಬರೆದೆ. ಗೇಜ್ ಸವೆದದ್ದು, ಮ್ಯಾನೇಜರ್ ಫೋನಿನಲ್ಲಿದ್ದದ್ದು, ನಾನು ಒಂಬತ್ತು ತಿಂಗಳಲ್ಲಿ ಎರಡೇ ರಜೆ ಹಾಕಿದ್ದು, ಎಲ್ಲವೂ. ರೂಮ್‌ಮೇಟ್ ನರ್ಸು, ರಾತ್ರಿ ಡ್ಯೂಟಿಗೆ ಹೊರಟಿದ್ದವಳು ನಿಂತು ಓದಿದಳು. “ಇದೇನೇ, ಉತ್ತರಾನೋ ಹರಿಕಥೆನೋ? ನಮ್ಮ ವಾರ್ಡ್‌ನಲ್ಲಿ ಡ್ಯೂಟಿ ಬಿಡುವಾಗ ಹೀಗೆಲ್ಲ ಬರೆದ್ರೆ ಪೇಷೆಂಟ್ ಗತಿ ಏನು? ಎಷ್ಟು ಗಂಟೆಗೆ ಏನು ನೋಡಿದೆ, ಎಷ್ಟಿತ್ತು, ಯಾರಿಗೆ ಹೇಳಿದೆ, ಏನು ಮಾಡಿದೆ, ಏನು ಮಾಡಲಿಲ್ಲ. ಅಷ್ಟು ಬರಿ.” ಹರಿದು ಹಾಕಿ ಒಂದು ಪುಟಕ್ಕೆ ಇಳಿಸಿದೆ. ಸಮಯದ ಪ್ರಕಾರ ರೀಡಿಂಗ್‌ಗಳು. ನಾನು ಆಡಿದ ಮಾತು, ಅವರು ಕೊಟ್ಟ ಉತ್ತರ, ಆಡಿದ ಹಾಗೇ, ವ್ಯಾಖ್ಯಾನವಿಲ್ಲದೆ. ಆಮೇಲೆ ನಾನು ಮಾಡದೇ ಬಿಟ್ಟಿದ್ದು: ಅಂಕಿ ಹೇಳಲಿಲ್ಲ, ರಿಜಿಸ್ಟರ್‌ನಲ್ಲಿ ಅಂಕಿ ಬರೆಯಲಿಲ್ಲ, ಮಷಿನ್‌ಗೆ ಟ್ಯಾಗ್ ಹಾಕಲಿಲ್ಲ, ಆಪರೇಟರ್‌ಗೆ ಹೇಳಲಿಲ್ಲ. ಗೇಜ್ ವಿಷಯಕ್ಕೆ ಒಂದೇ ವಾಕ್ಯ. ‘ಎಲ್ಲಾ ನನ್ನದೇ ತಪ್ಪು, ದಯವಿಟ್ಟು ಕ್ಷಮಿಸಿ’ ಅನ್ನೋ ಕೊನೆಯ ಸಾಲನ್ನೂ ಅವಳೇ ಹೊಡೆದು ಹಾಕಿಸಿದಳು. ಅದು ಪೂರ್ತಿ ನಿಜವಾಗಿರಲಿಲ್ಲ, ಹಾಗಾಗಿ ಬರೆಯುವ ಅಗತ್ಯವೂ ಇರಲಿಲ್ಲ. ಕಾಗದ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ, ಮೇಲ್‌ನಲ್ಲೂ ಕಳಿಸಿದೆ.

ಮ್ಯಾನೇಜರ್ ಅದನ್ನು ಎದುರಿಗೆ ಇಟ್ಟುಕೊಂಡು ಕರೆಸಿದರು. ಬೈಗುಳ ಕಾಯುತ್ತಾ ನಿಂತಿದ್ದೆ. ಅವರು ಕನ್ನಡಕ ತೆಗೆದು, “ನೀವು ಹೇಳಿದ್ರಿ, ಖರೇ. ಆದ್ರ ನಾ ಕೇಳಿದ್ದ ಬ್ಯಾರೆ” ಅಂದರು. ಆಮೇಲೆ, “ದಿನಕ್ಕ ನಲವತ್ತು ಮಂದಿ ಬಂದು ಸ್ವಲ್ಪ ಸ್ವಲ್ಪ ಅಂತಾರ. ಯಾವ ಸ್ವಲ್ಪಕ್ಕ ಓಡಬೇಕು ಅಂತ ನನಗ ಹೆಂಗ ತಿಳೀಬೇಕ್ರಿ?” ಆ ಕ್ಷಣಕ್ಕೆ ಸಿಟ್ಟು ಬಂತು, ಲಿಮಿಟ್ ಒಳಗಿದೆಯಾ ಅಂತ ಕೇಳಿದ ಮನುಷ್ಯ ಎಷ್ಟಿದೆ ಅಂತ ಕೇಳಬಹುದಿತ್ತಲ್ಲ ಅಂತ. ಈಗಲೂ ಅದು ಪೂರ್ತಿ ಹೋಗಿಲ್ಲ. ಕೇಳುವುದು ಅವರ ಕೆಲಸವೂ ಹೌದು. ಆದರೆ ಅವರು ಕೇಳುವುದನ್ನೇ ಕಾದುಕೊಂಡಿದ್ದರೆ ಕನ್‌ಫರ್ಮ್ ಆಗದೇ ಉಳಿಯುವವಳು ನಾನು, ಅವರಲ್ಲ.

ಅದಾಗಿ ಎರಡು ತಿಂಗಳು ಯಾರೂ ಆ ವಿಷಯ ಎತ್ತಲಿಲ್ಲ. ಮುಗಿಯಿತು ಅಂದುಕೊಂಡೆ. ಆಗಸ್ಟ್ 1ರಂದು ರಿವ್ಯೂ ಇತ್ತು, ಇಪ್ಪತ್ತು ನಿಮಿಷ. ಹೊಸ ಚೂಡಿದಾರ್ ಬೇರೆ ಹಾಕಿಕೊಂಡು ಹೋಗಿದ್ದೆ. ಎಚ್‌ಆರ್‌ನವರು ನಗುನಗುತ್ತಲೇ ಕವರ್ ಕೊಟ್ಟರು: ಟ್ರೈನಿಂಗ್ ಮೂರು ತಿಂಗಳು ವಿಸ್ತರಣೆ, ‘ಕಾರ್ಯಕ್ಷಮತೆಯಲ್ಲಿ ಸುಧಾರಣೆ ಅಗತ್ಯ’. ನಾನು ಏನಂದೆ ಗೊತ್ತಾ? “ಆಯ್ತು ಸರ್.” ಹೊರಗೆ ಬಂದು ಟಾಯ್ಲೆಟ್‌ನಲ್ಲಿ ಹದಿನೈದು ನಿಮಿಷ ಅತ್ತೆ.

ಮೂರು ತಿಂಗಳು ಅಂದರೆ ತಿಂಗಳಿಗೆ 7,500ರ ಹಾಗೆ 22,500 ರೂಪಾಯಿ. ಅದಕ್ಕಿಂತ ಹೊಡೆತ ಕೊಟ್ಟಿದ್ದು ಇನ್ನೊಂದು. ಸಂಬಳ 21,000 ದಾಟಿದವರಿಗೆ ಇಎಸ್‌ಐ (ನೌಕರರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಬರೋದಿಲ್ಲ, ನನ್ನದು 22,000. ಕಂಪನಿಯ ಗುಂಪು ವಿಮೆ ಕನ್‌ಫರ್ಮ್ ಆದವರಿಗೆ ಮಾತ್ರ. ಹೀಗೆ ನಾನು ತ್ರಿಶಂಕು. ಸೆಪ್ಟೆಂಬರ್‌ನಲ್ಲಿ ಡೆಂಗಿ ಬಂದು ಮೂರು ದಿನ ಮಲಗಿದ್ದಕ್ಕೆ 18,400 ರೂಪಾಯಿ ಕೈಯಿಂದ ಹೋಯಿತು. ಅದರಲ್ಲಿ ಹತ್ತು ಸಾವಿರ ರೂಮ್‌ಮೇಟ್ ಕೊಟ್ಟ ಸಾಲ. ಟ್ರೈನಿಯಾಗಿ ಸೇರುವವರು ವಿಮೆ ಯಾವಾಗಿಂದ ಅಂತ ಮೊದಲೇ ಕೇಳಿ. ‘ಆಮೇಲೆ’ ಅಂದರೆ ಅಲ್ಲಿಯವರೆಗೆ ಸ್ವಂತಕ್ಕೆ ಒಂದು ಚಿಕ್ಕ ಪಾಲಿಸಿ ಮಾಡಿಸಿಕೊಳ್ಳಿ.

ಮನೆಯಲ್ಲಿ ಮೂರು ವಾರ ಹೇಳಲಿಲ್ಲ. ಅಪ್ಪ ಫೋನ್ ಮಾಡಿದಾಗೆಲ್ಲ “ಲೆಟರ್ ಬರ್ತಿದೆ ಅಪ್ಪ” ಅಂತಿದ್ದೆ. ಅಪ್ಪ ಕೊಬ್ಬರಿ ವ್ಯಾಪಾರ ಮಾಡೋರು, ತಿಪಟೂರು ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಓಡಾಡಿದವರು. ಕೊನೆಗೊಂದು ದಿನ, “ಬರ್ತಿದೆ ಅಂದ್ರೆ ಯಾವತ್ತು ಬರುತ್ತಮ್ಮ? ಹತ್ತಿರ ಇದೆಯೋ, ಇಲ್ಲ ಗಾಡೀನೇ ಹೊರಟಿಲ್ವೋ?” ಅಂದರು. ಆವತ್ತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ಯಾಕೆ ತಳ್ಳಿದ್ರು ಅಂತ ಕಾಗದದಲ್ಲಿದೆಯಾ? ಮೂರು ತಿಂಗಳಲ್ಲಿ ಏನು ಕಂಡ್ರೆ ಪಾಸ್ ಮಾಡ್ತಾರಂತೆ?” ಅಂತ ಎರಡೇ ಪ್ರಶ್ನೆ ಕೇಳಿದರು. ಎರಡಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರರಲ್ಲಿ ಒಂದು ತಿಂಗಳು ಆಗಲೇ ಮುಗಿಯುತ್ತಾ ಬಂದಿತ್ತು.

ಮಾರನೇ ದಿನ ಮ್ಯಾನೇಜರ್‌ಗೆ ಮೇಲ್ ಬರೆದೆ. ಐದು ಸಲ ಬರೆದು ಅಳಿಸಿದೆ. ಕಳಿಸಿದ್ದು ಇಷ್ಟು: ‘ಸರ್, ವಿಸ್ತರಣೆ ಲೆಟರ್‌ನಲ್ಲಿ ಸುಧಾರಣೆ ಬೇಕು ಎಂದಿದೆ. ಯಾವ ಮೂರು ವಿಷಯದಲ್ಲಿ, ಏನು ಮಾಡಿ ತೋರಿಸಿದರೆ ಸಾಕು ಎಂದು ತಿಳಿಸಿದರೆ ಅದರಂತೆ ನಡೆದುಕೊಳ್ಳುತ್ತೇನೆ. ಸೆಪ್ಟೆಂಬರ್ 15ರೊಳಗೆ ಒಮ್ಮೆ ಮಧ್ಯದಲ್ಲಿ ನೋಡಿ ಹೇಳಲು ಸಾಧ್ಯವೇ? ಈ ವಾರ 15 ನಿಮಿಷ ಸಮಯ ಕೊಡಿ.’ ಉದ್ಧಟತನ ಅನ್ನಿಸೀತು ಅಂತ ಹೊಟ್ಟೆ ಕಿವುಚುತ್ತಿತ್ತು. ಎರಡು ದಿನ ಉತ್ತರವೇ ಇಲ್ಲ. ಮೂರನೇ ದಿನ ಅವರೇ ಕರೆದು ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಮೂರು ಸಾಲು ಬರೆದುಕೊಟ್ಟರು. ಹ್ಯಾಂಡ್‌ಓವರ್ ಅಂಕಿ ಸಮೇತ ಇರಬೇಕು. ಏರುಪೇರು ಕಂಡ 15 ನಿಮಿಷದೊಳಗೆ ತಿಳಿಸಬೇಕು. ಎರಡು ಹೊಸ ಪಾರ್ಟಿನ ಮೊದಲ ಪೀಸ್ ತಪಾಸಣೆ ಬೇರೆಯವರ ಸಹಾಯವಿಲ್ಲದೆ ಮುಗಿಸಬೇಕು. ನಾನು ಅದನ್ನು ಟೈಪ್ ಮಾಡಿ ‘ನೀವು ಹೇಳಿದ್ದು ಇಷ್ಟು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ’ ಅಂತ ವಾಪಸ್ ಮೇಲ್ ಮಾಡಿದೆ. ಅವಧಿ ವಿಸ್ತರಣೆ ಆದವರಿಗೆ ನಾನು ಹೇಳುವುದು ಇದನ್ನೇ: ಮೊದಲ ವಾರದಲ್ಲೇ ಕೇಳಿ. ನಾನು ಸುಮ್ಮನೆ ಮೂರು ವಾರ ಕಳೆದೆ.

ಗೊತ್ತಾದ ಮೇಲೆ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ನಾನು ಒಂದೇ ಏಟಿಗೆ ಇನ್ನೊಂದು ತುದಿಗೆ ಹೋದೆ. ಕಂಡದ್ದನ್ನೆಲ್ಲ ಮೆಸೇಜ್ ಮಾಡೋಕೆ ಶುರು ಮಾಡಿದೆ. ಒಂದು ದಿನ ಲೆಕ್ಕ ಹಾಕಿದರೆ 23 ಮೆಸೇಜ್, ಅದರಲ್ಲಿ ಆರು ವಾಯ್ಸ್ ನೋಟ್. ಅವರು ಒಂದನ್ನೂ ನೋಡಿರಲಿಲ್ಲ. ಇನ್ನೊಂದು ದಿನ ‘1:30ರೊಳಗೆ ಹೇಳಿ, ಇಲ್ಲದಿದ್ದರೆ ಮಷಿನ್ ನಿಲ್ಲಿಸ್ತೀನಿ’ ಅಂತ ಬರೆದು, ನಿಲ್ಲಿಸಿಯೂ ಬಿಟ್ಟೆ. ಪ್ರೊಡಕ್ಷನ್ ಮ್ಯಾನೇಜರ್ ಶಾಪ್ ಫ್ಲೋರಿನಲ್ಲೇ ಎಲ್ಲರೆದುರು ಕೂಗಾಡಿದರು, “ನಿಲ್ಲಿಸೋಕೆ ನಿಂಗ್ಯಾರು ಹೇಳಿದ್ದು?” ಅಂತ. ನನ್ನ ಹತ್ತಿರ ಆ ಅಧಿಕಾರ ಇತ್ತಾ ಇಲ್ಲವಾ ಅಂತ ನನಗೇ ಗೊತ್ತಿರಲಿಲ್ಲ. ಕೇಳಿಕೊಂಡೇ ಇರಲಿಲ್ಲ. ಆಮೇಲೆ ಕೇಳಿದೆ: ಮಿತಿ ದಾಟಿದರೆ ನಿಲ್ಲಿಸಬಹುದು, ದಾಟುವ ಮೊದಲು ಆಪರೇಟರ್ ಮತ್ತು ಲೈನ್ ಇನ್‌ಚಾರ್ಜ್ ಜೊತೆ ಮಾತಾಡಬೇಕು. ಇಷ್ಟು ಒಂದು ವರ್ಷದ ಹಿಂದೆಯೇ ಗೊತ್ತಿದ್ದಿದ್ದರೆ!

ಕೊನೆಗೆ ನಿಂತಿದ್ದು ಹೀಗೆ. ದಿನಾ ಬೆಳಿಗ್ಗೆ 8:45ಕ್ಕೆ ಸಿಎಂಎಂ (ಪಾರ್ಟುಗಳನ್ನು ನಿಖರವಾಗಿ ಅಳೆಯುವ ಮಷಿನ್) ರೂಮಿನಲ್ಲಿ ಮ್ಯಾನೇಜರ್ ಜೊತೆ ಹತ್ತು ನಿಮಿಷ. ಅಳತೆಗೆ ಅಂತ ಆ ರೂಮು ಸದಾ 20 ಡಿಗ್ರಿಯಲ್ಲಿರುತ್ತೆ, ಸದ್ದಿಲ್ಲ, ಫೋನಿಗೆ ನೆಟ್‌ವರ್ಕೂ ಸರಿಯಾಗಿ ಸಿಗೋದಿಲ್ಲ. ಆ ಜಾಗ ನಾನು ಬೇಕಂತಲೇ ಆರಿಸಿಕೊಂಡದ್ದು. ಕಾಯಬಹುದಾದದ್ದೆಲ್ಲ ಆ ಹತ್ತು ನಿಮಿಷಕ್ಕೆ. ಕಾಯಲಾಗದ್ದಕ್ಕೆ ಮಾತ್ರ ಮೆಸೇಜ್, ಅದೂ ಬರಹದಲ್ಲಿ. ಅಕ್ಟೋಬರ್‌ನಲ್ಲಿ ಕಳಿಸಿದ್ದೊಂದನ್ನು ಇಲ್ಲಿ ಹಾಗೇ ಹಾಕ್ತೀನಿ:

‘ಸರ್, ಮಷಿನ್ 4, 32 ಬೋರ್. ಕೊನೆಯ 5 ರೀಡಿಂಗ್ 15, 12, 10, 7, 5. ಕೆಳಮಿತಿ 0. ಸುಮಾರು 40 ಪೀಸ್‌ಗೆ ಮಿತಿ ತಲುಪಬಹುದು. ಆಪರೇಟರ್‌ಗೆ ಹೇಳಿದ್ದೀನಿ, 10 ಪೀಸಿಗೊಮ್ಮೆ ಅಳೀತಿದ್ದೀವಿ. ಇನ್ಸರ್ಟ್ ಬದಲಿಸೋಕೆ 15 ನಿಮಿಷ ನಿಲ್ಲಬೇಕು. ಲೈನ್ ಇನ್‌ಚಾರ್ಜ್ ಒಪ್ಪುತ್ತಿಲ್ಲ. ನೀವು ಅವರಿಗೆ 12:30ರೊಳಗೆ ಒಂದು ಮಾತು ಹೇಳಬೇಕು.’

ಉತ್ತರ ನಾಲ್ಕು ನಿಮಿಷಕ್ಕೆ ಬಂತು: ‘ಹೇಳೇನಿ. ಬದಲ ಮಾಡ್ರಿ.’

ಮೇಲ್ ಇಂಗ್ಲಿಷಿನಲ್ಲೇ ಇರಬೇಕು ಅನ್ನೋ ಭಯವೂ ನನ್ನನ್ನು ಬಹಳ ದಿನ ಕಟ್ಟಿಹಾಕಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನಾನು. ಒಂದು ಮೇಲ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಅದಕ್ಕೆ ಹೆದರಿ ಬರೆಯುವುದನ್ನೇ ಬಿಡುತ್ತಿದ್ದೆ. ಕೇಳಿದಾಗ ಮ್ಯಾನೇಜರ್ ನಕ್ಕು, ಗ್ರಾಹಕರಿಗೆ ಹೋಗೋದು ಮಾತ್ರ ಇಂಗ್ಲಿಷು, ನನಗೆ ಕನ್ನಡದಲ್ಲೇ ಬರೀರಿ, ಅಂಕಿ ಅಂತೂ ಎರಡೂ ಕಡೆ ಒಂದೇ ಅಂದರು. ಎಲ್ಲ ಕಡೆ ಇದು ನಡೆಯಲಿಕ್ಕಿಲ್ಲ. ಕೇಳಿ ನೋಡುವುದಕ್ಕೆ ಖರ್ಚಿಲ್ಲ.

‘ಮಾಡ್ತೀನಿ ಸರ್’ ಅನ್ನೋದನ್ನು ಬಿಡುವುದು ಎಲ್ಲದಕ್ಕಿಂತ ಕಷ್ಟವಾಯಿತು. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಕಾಲವೇ ಇಲ್ಲ ನೋಡಿ: ಈಗ ಮಾಡ್ತಿರೋದೂ ಹೌದು, ನಾಳೆ ಮಾಡೋದೂ ಹೌದು, ಯಾವತ್ತೂ ಮಾಡದೇ ಇರೋದೂ ಅದರೊಳಗೇ ಅಡಗಿರುತ್ತೆ. ಸಿಎಂಎಂ ಪ್ರೋಗ್ರಾಂ ಬರೆಯೋಕೆ ನನಗೆ ಬರುತ್ತಿರಲಿಲ್ಲ. ಜುಲೈಯಿಂದ ‘ಮಾಡ್ತೀನಿ’ ಅನ್ನುತ್ತಲೇ ಇದ್ದೆ. ಸೆಪ್ಟೆಂಬರ್‌ನಲ್ಲಿ ಜ್ವರದಿಂದ ಎದ್ದು ಬಂದ ಮೇಲೆ ಒಂದು ದಿನ, “ಸರ್, ಇದು ನನಗೆ ಬರಲ್ಲ. ಎರಡು ದಿನ ಯಾರಾದರೂ ಪಕ್ಕದಲ್ಲಿ ಕೂತರೆ ಕಲೀತೀನಿ, ಇದೇ 26ಕ್ಕೆ ಮೊದಲ ಪ್ರೋಗ್ರಾಂ ಕೊಡ್ತೀನಿ” ಅಂದುಬಿಟ್ಟೆ. ಅವರು ಆಶ್ಚರ್ಯವನ್ನೂ ಪಡಲಿಲ್ಲ, ಬೇಸರವನ್ನೂ ಪಡಲಿಲ್ಲ. “ಜುಲೈದಾಗ ಹೇಳಬೇಕಿಲ್ಲೋ?” ಅಂತ ಒಬ್ಬರನ್ನು ಕೂರಿಸಿದರು. 26ಕ್ಕೆ ಆಗಲಿಲ್ಲ, 29ಕ್ಕೆ ಕೊಟ್ಟೆ. ಆಗಲ್ಲ ಅಂತ 25ಕ್ಕೇ ಹೇಳಿದ್ದೆ.

ಇತ್ತೀಚೆಗೆ ನಾನು ಅಭ್ಯಾಸಬಲದಿಂದ “ಆಯ್ತು ಸರ್” ಅಂದರೆ ಅವರು ತಲೆಯೆತ್ತಿ, “ಯಾವ ಆತು? ಕೇಳಿದ ಆತೋ, ಮುಗದ ಆತೋ?” ಅಂತಾರೆ. ಅದು ಈಗ ಇಡೀ ವಿಭಾಗದ ತಮಾಷೆ.

ನವೆಂಬರ್ 3ರ ರಿವ್ಯೂ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಬಿಳಿ ಹಾಳೆಯ ಮೂರು ಸಾಲು, ಪ್ರತಿಯೊಂದರ ಎದುರು ತಾರೀಕು ಸಮೇತ ನನ್ನ ಹತ್ತಿರ ಕಾಗದ ಇತ್ತು. “5ರಿಂದ ಕನ್‌ಫರ್ಮ್” ಅಂದರು. ನಾನು ಕುಣಿದಾಡಿಕೊಂಡು ಪಿಜಿಗೆ ಹೋದೆ. ನಿಜವಾದ ಕಾಯುವಿಕೆ ಶುರುವಾಗಿದ್ದೇ ಆಮೇಲೆ.

ಎಚ್‌ಆರ್‌ಗೆ ಮೂಲ ಪದವಿ ಪ್ರಮಾಣಪತ್ರ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಪ್ರೊವಿಶನಲ್ ಮಾತ್ರ. ಕಾಲೇಜಿಗೆ ಹೋದರೆ ಲೈಬ್ರರಿಯ ನೋ-ಡ್ಯೂ ಇಲ್ಲ ಅಂದರು. ಯಾವುದೋ ಒಂದು ಥರ್ಮೋಡೈನಾಮಿಕ್ಸ್ ಪುಸ್ತಕ ನನ್ನ ಹೆಸರಲ್ಲಿ ಬಾಕಿ. ಎರಡನೇ ಸಲ ಪುಸ್ತಕ ಹುಡುಕಿ ಒಯ್ದು, 140 ರೂಪಾಯಿ ದಂಡ ಕಟ್ಟಿ ತಂದೆ. ಶಕ್ತಿ ಯೋಜನೆ ಇದ್ದದ್ದಕ್ಕೆ ಬಸ್ಸಿನ ಖರ್ಚಿಲ್ಲ, ಎರಡು ರಜೆ ಹೋಯಿತು ಅಷ್ಟೇ. ಆಮೇಲೆ ಹೆಸರಿನ ತಕರಾರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ಒಬ್ಬರೇ ಅಂತ ನೋಟರಿ ಅಫಿಡವಿಟ್‌ಗೆ 300 ರೂಪಾಯಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ‘ಕನ್‌ಫರ್ಮೇಶನ್‌ಗೆ ಯಾವ ಯಾವ ದಾಖಲೆ ಬೇಕು’ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿಟ್ಟುಕೊಳ್ಳಿ. ಹದಿನೈದು ತಿಂಗಳು ನನ್ನ ಹತ್ತಿರ ಸಮಯ ಇತ್ತು.

ಡಿಸೆಂಬರ್ ಎರಡನೇ ವಾರ ಲೆಟರ್ ಬಂತು. ಈ ಸಲ ಕೆಳಗಿನ ಸಾಲುಗಳಿಂದ ಓದಿದೆ. ನೋಟಿಸ್ ಅವಧಿ 30 ದಿನ ಇದ್ದದ್ದು 60 ಆಗಿತ್ತು. ವಿಮೆ ಇತ್ತು. ಸಂಬಳ 29,500 ಇತ್ತು. ‘ಜಾರಿಗೆ ಬರುವ ದಿನಾಂಕ: ಡಿಸೆಂಬರ್ 1’ ಅಂತಲೂ ಇತ್ತು. ನವೆಂಬರ್ 5ರಿಂದ 30ರವರೆಗೆ 26 ದಿನ, ದಿನಕ್ಕೆ 250ರ ಹಾಗೆ 6,500 ರೂಪಾಯಿ. ಹಳೆಯ ನಾನಾಗಿದ್ದರೆ, ಕೊಟ್ಟಿದ್ದಾರಲ್ಲ ಸಾಕು, ಸ್ವಲ್ಪದಕ್ಕೆ ಯಾಕೆ ರಂಪ ಅಂತ ಸಹಿ ಹಾಕುತ್ತಿದ್ದೆ. ಸಹಿ ಹಾಕದೆ ಮೇಲ್ ಬರೆದೆ, ಮ್ಯಾನೇಜರ್‌ಗೂ ಪ್ರತಿ ಹಾಕಿ: ರಿವ್ಯೂ ಯಾವತ್ತು ಆಯಿತು, ಅಲ್ಲಿ ಯಾವ ದಿನಾಂಕ ಹೇಳಿದರು, ಲೆಟರ್‌ನಲ್ಲಿ ಯಾವುದಿದೆ, ತಿದ್ದಿದ ಲೆಟರ್ ಯಾವತ್ತಿಗೆ ಸಿಗಬಹುದು. ನಾಲ್ಕು ಸಾಲು. ಬೆವರೇನೋ ಬಂತು. ಆರು ದಿನಕ್ಕೆ ತಿದ್ದಿದ ಲೆಟರ್ ಬಂತು, ಟೈಪಿಂಗ್ ತಪ್ಪು ಅಂದರು.

ಅಪ್ಪನಿಗೆ ಫೋನ್ ಮಾಡಿ ಪರ್ಮನೆಂಟ್ ಆಯ್ತು ಅಂದೆ. “ಯಾವತ್ತಿಂದ?” ಅಂದರು. ತಾರೀಕು ಹೇಳಿದೆ. “ಸರಿ, ದುಡ್ಡು ಬಂದ ಮೇಲೆ ಇನ್ನೊಂದ್ಸಲ ಹೇಳು.”

ಡಿಸೆಂಬರ್ ಸಂಬಳದ ಸ್ಲಿಪ್ಪು ಮೊನ್ನೆ ಬಂತು. 25,000 ಮುಟ್ಟಿದ್ದಕ್ಕೆ ಮೊದಲ ಸಲ ವೃತ್ತಿ ತೆರಿಗೆ 200 ಹಿಡಿದಿದ್ದಾರೆ, ಫೆಬ್ರವರಿಯಲ್ಲಿ 300 ಹಿಡಿಯುತ್ತಾರಂತೆ. ರೂಮ್‌ಮೇಟ್ ಸಾಲದಲ್ಲಿ ಐದು ಸಾವಿರ ತೀರಿಸಿದೆ. ನವೆಂಬರಿನ 6,500 ಮಾತ್ರ ಸ್ಲಿಪ್ಪಿನಲ್ಲಿ ಕಾಣಲಿಲ್ಲ. ಜನವರಿ ಸಂಬಳದ ಜೊತೆ ಕೊಡ್ತೀವಿ ಅಂತ ಅಕೌಂಟ್ಸ್‌ನವರು ಮೇಲ್‌ನಲ್ಲಿ ಬರೆದಿದ್ದಾರೆ. ಮೇಲ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ್ದೀನಿ.